ಬ್ಯಾಟರಿಗೆ ಯಾವ ಮೇಜು?

ಮಂಗಳೂರಿನಲ್ಲಿ ಮಳೆಗಾಲ ಹಿಡಿಯಿತೆಂದರೆ ತಂತಿಯ ಮೇಲೆ ಒಂದು ಮಡಲು ಬಿದ್ದರೂ ಸಾಕು, ಇಡೀ ಓಣಿಗೆ ಕತ್ತಲೆ. ಹಾಗಾಗಿ ಇನ್ವರ್ಟರ್ ನಮಗೆ ಮನೆದೇವರಷ್ಟೇ ಮುಖ್ಯ. ಅದರ ಬ್ಯಾಟರಿಯ ಗರ್ಭಗುಡಿ ಮೆಟ್ಟಿಲಡಿ. ಎಡಕ್ಕೆ ಹಳೆಯ ಪೇಪರಿನ ಕಟ್ಟು, ಬಲಕ್ಕೆ ತುಂಬಿದ ಗ್ಯಾಸ್ ಸಿಲಿಂಡರ್, ನೆತ್ತಿಯ ಮೇಲೆ ನೀರಿಳಿಯುವ ಕೊಡೆ. ಸೀಸದ ಬ್ಯಾಟರಿ ಚಾರ್ಜ್ ಆಗುವಾಗ ಜಲಜನಕ ಬಿಡುತ್ತದೆಯಂತೆ. ಬಿಡಲಿ, ನಾವು ಕಿಟಕಿ ಮುಚ್ಚಿ ಹಾಯಾಗಿ ಮಲಗುತ್ತೇವೆ.

ಅಮೆರಿಕದಲ್ಲಿರುವ ನನ್ನ ಭಾವನಿಗೆ ಈ ಭಾಗ್ಯವಿಲ್ಲ. ಅಲ್ಲಿನ ಮಾದರಿ ವಸತಿ ಕಟ್ಟಡ ಸಂಹಿತೆಯ 2021ರ ಆವೃತ್ತಿಯ ಪ್ರಕಾರ ಮಲಗುವ ಕೋಣೆಗೆ ಬ್ಯಾಟರಿಯ ಪ್ರವೇಶವಿಲ್ಲ. ಹೊರಗೋಡೆಗೆ ಹಾಕಿದರೆ ಬಾಗಿಲು, ಕಿಟಕಿಗಳಿಂದ 3 ಅಡಿ ದೂರ. ಒಂದು ಬ್ಯಾಟರಿಗೆ 20 ಯೂನಿಟ್ ಮಿತಿ. ಕಾರು ನಿಲ್ಲಿಸುವಲ್ಲಿ ಇಟ್ಟರೆ ಕಾರು ಗುದ್ದದಂತೆ ತಡೆ ಬೇಕು. ನಮ್ಮ 12 ವೋಲ್ಟಿನ, 150 ಆಂಪಿಯರ್ ಅವರ್ ಬ್ಯಾಟರಿಯ ಹೊಟ್ಟೆಯಲ್ಲಿ ಇರುವುದೇ 1.8 ಯೂನಿಟ್; ಅಂಥ ಹನ್ನೊಂದನ್ನು ಒಟ್ಟಿದರೂ ಆ ಮಿತಿ ಮುಟ್ಟುವುದಿಲ್ಲ. ಭಾವನ ಲಿಥಿಯಂ ಬ್ಯಾಟರಿಯಂತೂ ತಪಾಸಣೆಯವರ ದಾರಿ ಕಾಯುತ್ತ ಗೋಡೆಯ ಮೇಲೆ ಸುಮ್ಮನೆ ಕುಳಿತಿತ್ತು. ಅಷ್ಟರಲ್ಲಿ ಎರಡು ಸಲ ಕರೆಂಟ್ ಹೋಯಿತು. ಅದರ ಎದುರೇ ಮೇಣದಬತ್ತಿ ಹಚ್ಚಿದೆವು ಎಂದರು.

ನಕ್ಕೆ. ಆದರೆ ಲಿಥಿಯಂ ಬ್ಯಾಟರಿಯಲ್ಲಿ ಒಂದು ಕೋಶ ಮಿತಿಮೀರಿ ಕಾದರೆ ಪಕ್ಕದ ಕೋಶವನ್ನೂ ಕಾಯಿಸುತ್ತದೆ. ಹೊತ್ತಿಕೊಂಡರೆ ಆರಿಸುವುದು ಕಷ್ಟ. ಆ 3 ಅಡಿ ಬರಿಯ ಹುಚ್ಚಲ್ಲ. ನಾನೂ ಸೂರ್ಯಶಕ್ತಿಯ ಜೊತೆಗೆ ಲಿಥಿಯಂ ಇಡುವವನಿದ್ದೆ. ಇಲ್ಲಿನ ನಿಯಮ ಕೇಳೋಣವೆಂದು ಒಂದು ಕಚೇರಿಗೆ ಹೋದೆ. ತಪ್ಪಾಯಿತು.

“ಬ್ಯಾಟರಿಯೇ? ಅದು ಕರೆಂಟಿನವರಿಗೆ ಸೇರಿದ್ದು” ಎಂದರು. ಕರೆಂಟಿನವರು, “ಮೀಟರಿನ ತನಕ ನಾವು, ಒಳಗೆ ನೀವು. ಕಟ್ಟಡದವರನ್ನು ಕೇಳಿ ಮಾರಾಯರೇ” ಎಂದರು. ಕಟ್ಟಡದವರು ಮಾತ್ರ ಉತ್ಸಾಹದಿಂದ ಮನೆಗೇ ಬಂದರು. ಟೇಪು ಬಿಚ್ಚಿದರು. ಮೆಟ್ಟಿಲಡಿಯ ಬ್ಯಾಟರಿಯನ್ನು ದಾಟಿಕೊಂಡು ಹಿತ್ತಿಲಿಗೆ ನಡೆದರು. ಬಟ್ಟೆ ಒಣಗಿಸಲು ಹಾಕಿದ್ದ ತಗಡಿನ ಮಾಡು ಒಂದೂವರೆ ಅಡಿ ಹೆಚ್ಚು ಚಾಚಿದೆ ಎಂದು ಬರೆದುಕೊಂಡರು. ಹಿಂತಿರುಗುವಾಗ ಟೇಪನ್ನು ಬ್ಯಾಟರಿಯ ಮೇಲಿಟ್ಟು ಚಹಾ ಕುಡಿದರು.

ನೋಟಿಸಿಗೆ ಉತ್ತರ ಕೊಡಲು ಮತ್ತೆ ಹೋದಾಗ ಕಚೇರಿಯಲ್ಲಿ ಕರೆಂಟ್ ಹೋಯಿತು. ಮೂಲೆಯಲ್ಲಿ ಇನ್ವರ್ಟರ್ ಗುಂಯ್‌ಗುಟ್ಟಿತು. ಕಡತಗಳ ರಾಶಿಯ ಕೆಳಗೆ ಬ್ಯಾಟರಿ. ಅಗ್ನಿಶಾಮಕದ ಕೆಂಪು ಸಿಲಿಂಡರ್ ಬಾಗಿಲು ಗಾಳಿಗೆ ಮುಚ್ಚದಂತೆ ಆತುಕೊಂಡಿತ್ತು.

“ಬ್ಯಾಟರಿ ಎಲ್ಲಿಡಬೇಕೆಂದು ಕೇಳಿದ್ದೆನಲ್ಲ, ಆ ಅರ್ಜಿ?” ಎಂದೆ.

ಗುಮಾಸ್ತರು ಆ ರಾಶಿಯತ್ತ ಕೈ ತೋರಿಸಿದರು. “ಅಲ್ಲಿಯೇ ಇದೆ. ಎಲ್ಲಕ್ಕಿಂತ ಕೆಳಗಿನದ್ದು.”