ಸತ್ಯಾಂಶ: ಹೆಚ್ಚು ಉತ್ತಷ್ಟೂ ಹೊಲ ಹೆಚ್ಚು ನೀರು ಕುಡಿಯುತ್ತಾ?

"ಹೊಲವನ್ನು ಎಷ್ಟು ಸಲ ಉತ್ತು ಪುಡಿ ಮಾಡುತ್ತೀರೋ, ಮಳೆ ನೀರು ಅಷ್ಟು ಜಾಸ್ತಿ ಇಂಗುತ್ತದೆ." ಹೀಗೊಂದು ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ದೇವನಹಳ್ಳಿ, ದೊಡ್ಡಬಳ್ಳಾಪುರದ ಕಡೆ ಹೊಲ ಇಟ್ಟುಕೊಂಡು ಬೆಂಗಳೂರಲ್ಲಿ ಇರುವವರ ಗುಂಪುಗಳಲ್ಲಂತೂ ಕೇಳುವುದೇ ಬೇಡ. ಇದು ಅರ್ಧ ನಿಜ.

ಹೊಸದಾಗಿ ಉತ್ತ ಮಣ್ಣು ಸಡಿಲ. ಮೊದಲ ಮಳೆಯನ್ನು ಬೇಗ ಕುಡಿಯುತ್ತದೆ. ತೊಂದರೆ ಆಮೇಲೆ. ನಮ್ಮ ಸುತ್ತಲಿನ ಕೆಂಪು ಮಣ್ಣಿನಲ್ಲಿ ಸಾವಯವ ಅಂಶ ಕಡಿಮೆ. ರೋಟವೇಟರ್ (ಟ್ರ್ಯಾಕ್ಟರ್‌ಗೆ ಕಟ್ಟುವ, ಮಣ್ಣು ಪುಡಿ ಮಾಡುವ ಯಂತ್ರ) ಹೊಡೆದು ನುಣ್ಣಗೆ ಮಾಡಿದರೆ, ಜೋರು ಮಳೆಯ ಹನಿಗೆ ಮಣ್ಣಿನ ಕಾಳುಗಳು ಒಡೆದು ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಬಿಸಿಲು ಬಿದ್ದರೆ ಮೇಲೆ ಹಪ್ಪಳದಂಥ ಪದರ. ಮುಂದಿನ ಮಳೆ ಅದರ ಮೇಲೆ ಹರಿದು ಹೋಗುತ್ತದೆ, ಮಣ್ಣನ್ನೂ ಹೊತ್ತುಕೊಂಡು. ಎರೆಹುಳು ಮತ್ತು ಹಳೆಯ ಬೇರುಗಳು ಮಾಡಿಟ್ಟ ದಾರಿಗಳೂ ಉಳುಮೆಯಲ್ಲಿ ತುಂಡಾಗುತ್ತವೆ. ವರ್ಷಗಟ್ಟಲೆ ಒಂದೇ ಆಳಕ್ಕೆ ಉತ್ತರೆ ಕೆಳಗೆ ಗಟ್ಟಿ ಪದರ ಕಟ್ಟುತ್ತದೆ. ನೀರು, ಬೇರು ಎರಡೂ ಅಲ್ಲೇ ನಿಲ್ಲುತ್ತವೆ.

ಹಾಗಂತ "ಉಳುಮೆಯೇ ಬೇಡ" ಎನ್ನುವ ಇನ್ನೊಂದು ಫಾರ್ವರ್ಡನ್ನೂ ಸುಮ್ನೆ ನಂಬಬೇಡಿ. ಈ ಮಣ್ಣು ಒಣಗಿದರೆ ತಾನಾಗಿಯೇ ಗಟ್ಟಿಯಾಗುತ್ತದೆ. ಹುಲ್ಲು, ತರಗಿನ ಹೊದಿಕೆ ಇಲ್ಲದೆ ಉಳುಮೆ ಬಿಟ್ಟರೆ ನೀರು ಇಂಗುವುದು ಇನ್ನೂ ಕಡಿಮೆಯಾಗಬಹುದು. ರಾಗಿ ಸಾಲಿನ ನಡುವೆ ಎಡೆಕುಂಟೆ (ಮೇಲ್ಮಣ್ಣು ಕೆದಕುವ ಸಲಕರಣೆ) ಹೊಡೆಯುವುದು ಸುಮ್ಮನೆ ಅಲ್ಲ. ಪದರ ಒಡೆಯುತ್ತದೆ, ಕೆಳಗಿನ ತೇವ ಬೇಗ ಆರುವುದಿಲ್ಲ, ಕಳೆಯೂ ಹೋಗುತ್ತದೆ. ಉಳುವುದಾದರೆ ಮಣ್ಣಿನ ತೇವದ ಹದ ನೋಡಿ, ಇಳಿಜಾರಿಗೆ ಅಡ್ಡವಾಗಿ ಉಳಬೇಕು. ಕೂಳೆಯನ್ನು (ಕೊಯ್ಲಾದ ಮೇಲೆ ಉಳಿಯುವ ಬುಡ) ಸುಡದೆ ಹೊಲದಲ್ಲೇ ಬಿಟ್ಟರೆ ಹನಿಯ ಹೊಡೆತವೂ ತಗ್ಗುತ್ತದೆ.