ನೂರಕ್ಕೆ ನೂರು ನಮ್ಮದೇ!

ತೊಗರಿ ಕಣಜ ಕಲಬುರಗಿಗೆ ಕೊನೆಗೂ ‘ನೂರಕ್ಕೆ ನೂರು ನಮ್ಮದೇ’ ಸಾಫ್ಟ್‌ವೇರ್ ಬಂತು. ಶಾಲು, ಹಾರ, ದೀಪ ಎಲ್ಲ ಆಯಿತು. ಪೇಪರಿನ ಫೋಟೊ ನೀವೂ ನೋಡಿರುತ್ತೀರಿ. ದಾಲ್ ಮಿಲ್ಲಿನ ಲೆಕ್ಕ, ಗೋದಾಮಿನ ಚೀಲ, ಜಿಎಸ್‌ಟಿ ಬಿಲ್ಲು ಎಲ್ಲ ಅದೇ ನೋಡಿಕೊಳ್ಳುತ್ತದಂತೆ. ಒಂದೊಂದು ಸಾಲು ಕೋಡೂ ನಮ್ಮ ಹುಡುಗರದೇ ಎಂದರು ಎಂ.ಡಿ. ಸಾಹೇಬರು. ಚಪ್ಪಾಳೆ.

ಪರಿಚಯದ ಮಿಲ್ಲಿನವರೊಬ್ಬರು ಕೊಂಡಿದ್ದರು. ಅವರ ಕಂಪ್ಯೂಟರಿನಲ್ಲಿ ‘ನಮ್ಮ ಬಗ್ಗೆ’ ಒತ್ತಿ ನೋಡಿದೆ. ಮೇಲೆ ದಪ್ಪಕ್ಷರದಲ್ಲಿ ‘ಎಲ್ಲ ಹಕ್ಕು ಕಾಯ್ದಿರಿಸಿದೆ’. ಕೆಳಗೆ ಕಣ್ಣಿಗೆ ಕಾಣದಂಥ ಬೂದು ಅಕ್ಷರದಲ್ಲಿ ಎಸ್‌ಕ್ಯೂಲೈಟ್, ಕರ್ಲ್, ಓಪನ್‌ಎಸ್‌ಎಸ್‌ಎಲ್... ಮೌಸ್ ಉರುಳಿಸಿದಷ್ಟೂ ಪಟ್ಟಿ. ಎಲ್ಲ ಯಾವ್ಯಾವುದೋ ದೇಶದವರು ಬರೆದು, ಯಾರು ಬೇಕಾದರೂ ಬಳಸಿ ಎಂದು ಬಿಟ್ಟಿ ಹಂಚಿದ ಕೋಡು. ನಮ್ಮ ಹುಡುಗರು ಎಷ್ಟೊಂದು ದೇಶಗಳಲ್ಲಿದ್ದಾರಪ್ಪ! ಲೋಗೊ, ಲಾಗಿನ್ ಪುಟ, ದರಪಟ್ಟಿ ಕಂಪನಿಯವು. ದರಪಟ್ಟಿಯಂತೂ ಅಪ್ಪಟ ಸ್ವಂತ ಸೃಷ್ಟಿ.

ಮಾರಿದ್ದು ತಪ್ಪಲ್ಲ. ಆ ಲೈಸೆನ್ಸುಗಳೇ ಮಾರಿಕೊಳ್ಳಿ ಎನ್ನುತ್ತವೆ. ಗ್ಯಾರಂಟಿ ಮಾತ್ರ ಕೇಳಬೇಡಿ ಎಂದೂ ಹೇಳುತ್ತವೆ. ಶರಣಬಸವೇಶ್ವರರ ದಾಸೋಹದಲ್ಲಿ ಉಂಡವರು ಕೈಮುಗಿದು ಹೋಗುತ್ತಾರೆ. ಇವರು ಅಲ್ಲಿಯ ಹುಗ್ಗಿಯನ್ನೇ ಡಬ್ಬಿಗೆ ತುಂಬಿ ಸೂಪರ್ ಮಾರ್ಕೆಟ್ಟಿನಲ್ಲಿ ಮಾರಿ, ಬೆಲ್ಲ ಕಮ್ಮಿಯಾಯಿತೆಂದು ದಾಸೋಹದವರಿಗೇ ನೋಟಿಸು ಕೊಡುತ್ತಾರೆ.

ಉತ್ಪ್ರೇಕ್ಷೆ ಅಂದಿರಾ? 2021ರ ಡಿಸೆಂಬರಿನಲ್ಲಿ ಅಂಥದೇ ಬಿಟ್ಟಿ ಕೋಡು ಲಾಗ್‌ಫೋರ್‌ಜೆಯಲ್ಲಿ ಕಳ್ಳರು ನುಗ್ಗುವಂಥ ತೂತು ಕಾಣಿಸಿತಲ್ಲ, ಮುಂದಿನ ತಿಂಗಳೇ ಕರ್ಲ್ ಬರೆದ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್‌ಗೆ ಅಮೆರಿಕದ ದೈತ್ಯ ಕಂಪನಿಯೊಂದರ ಪತ್ರ ಬಂತು: ಪ್ರಶ್ನೆಗಳಿಗೆಲ್ಲ 24 ಗಂಟೆಯೊಳಗೆ ಉತ್ತರಿಸಿ. ಲಾಗ್‌ಫೋರ್‌ಜೆಗೂ ಈತನಿಗೂ ಸಂಬಂಧವೇ ಇಲ್ಲ. ನೀವು ಮೊದಲು ಸಪೋರ್ಟ್ ಕರಾರಿಗೆ ಸಹಿ ಹಾಕಿ, ಆಮೇಲೆ ಖುಷಿಯಿಂದ ಉತ್ತರಿಸುತ್ತೇನೆ ಎಂದ ಪುಣ್ಯಾತ್ಮ. ಅದಕ್ಕೆ ಬಂದ ಮರುಪತ್ರದಲ್ಲಿ ಡೇನಿಯಲ್ ಡೇವಿಡ್ ಆಗಿದ್ದ. ಹಾಗಾದರೆ ನಾವು ನಿಮ್ಮ ಗಿರಾಕಿಗಳಲ್ಲವೇ ಎಂಬ ಪ್ರಶ್ನೆ ಬೇರೆ! ಬಿಟ್ಟಿ ಉಂಡವರಿಗೆ ಬಡಿಸಿದವನ ಹೆಸರೂ ನೆನಪಿಲ್ಲ.

ಇಂಟರ್ನೆಟ್ಟಿನಲ್ಲಿ ಹೋಗುವ ಮಾಹಿತಿಗೆ ಬೀಗ ಹಾಕುವ ಕೋಡು ಓಪನ್‌ಎಸ್‌ಎಸ್‌ಎಲ್. 2014ರಲ್ಲಿ ಅದರಲ್ಲಿದ್ದ ಹಾರ್ಟ್‌ಬ್ಲೀಡ್ ಎಂಬ ತೂತು ಬಯಲಾದಾಗ ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ಪೂರ್ಣಾವಧಿ ಕೆಲಸಕ್ಕಿದ್ದವನು ಒಬ್ಬ. ಜಗತ್ತಿನ ಬ್ಯಾಂಕುಗಳ ಬೀಗ ಅವನ ಕೈಯಲ್ಲಿತ್ತು. ಆಮೇಲೆ ದೊಡ್ಡವರೆಲ್ಲ ಜೇಬಿಗೆ ಕೈ ಹಾಕಿದರು ಅನ್ನಿ. ಮನೆಗೆ ಬೆಂಕಿ ಬಿದ್ದ ಮೇಲೆ.

ನಗು ಸಾಕಾಯಿತು. ನಮ್ಮ ಮಿಲ್ಲಿನವರಿಂದ ಈ ‘ನೂರಕ್ಕೆ ನೂರು’ ಕಂಪನಿ ಎಎಂಸಿ, ಅಂದರೆ ವರ್ಷದ ನಿರ್ವಹಣಾ ಶುಲ್ಕ, ವಸೂಲು ಮಾಡುತ್ತದೆ. ಬಿಲ್ಲು ಪ್ರಿಂಟಾಗದೆ ಲಾರಿ ನಿಂತ ದಿನ ಬಂದ ಹುಡುಗ ಅಪ್‌ಡೇಟ್ ಬಟನ್ ಒತ್ತಿ ಹೋದ. ‘ಅವ ಬಟನ್ ಒತ್ತಾಕ ರೊಕ್ಕ ತಗೊಂಡ, ಆ ಅಪ್‌ಡೇಟ್ ಬರದಾವ್ರಿಗಿ ಏನ್ ಕೊಡ್ತಾರ್ರಿ?’ ಎಂದು ಕೇಳಿದರು ಮಿಲ್ಲಿನವರು. ಏನೂ ಇಲ್ರಿ. ಒಂದು ಕಪ್ ಚಹಾದ ರೊಕ್ಕವೂ ಇಲ್ಲ. ಕೊಡುವುದು ಹಾಳಾಗಲಿ, ಸಭೆಯಲ್ಲಿ ಹೆಸರಾದರೂ ಹೇಳಬಹುದಿತ್ತು. ಅದನ್ನೂ ಹೇಳದೆ ಶಾಲು ಹೊದ್ದುಕೊಂಡರು.