ಅಳಿಯನ ಮೊಬೈಲು, ನನ್ನ ಬಿಪಿ

ಭಾನುವಾರ ಮೈಸೂರಿಗೆ, ಅಕ್ಕನ ಮನೆಗೆ ಹೋಗಿದ್ದೆ. ಊಟ ಚೆನ್ನಾಗಿತ್ತು. ವಾಪಸ್ ಬರುವಾಗ ರೈಲಲ್ಲೇ ಇದನ್ನು ಬರೆಯಲು ಶುರು ಮಾಡಿದೆ. ಮಂಡ್ಯ ದಾಟುವಷ್ಟರಲ್ಲಿ ನೋಡಿಕೊಂಡರೆ ಬರೀ ಬೈಗುಳ. ಅಳಿಸಿದೆ. ಎರಡು ದಿನ ಬಿಟ್ಟು ಮತ್ತೆ ಕೂತಿದ್ದೇನೆ. ಸಿಟ್ಟೇನೂ ಇಳಿದಿಲ್ಲ, ಭಾಷೆ ಮಾತ್ರ ಸ್ವಲ್ಪ ಸುಧಾರಿಸಿದೆ.

ಆಗಿದ್ದು ಇಷ್ಟು. ಹೋದ ತಿಂಗಳು ಅಳಿಯನ ಹುಟ್ಟುಹಬ್ಬಕ್ಕೆ ಒಂದು ಗೇಮ್ ಕೊಡಿಸಿದ್ದೆ. ಔಟರ್ ವೈಲ್ಡ್ಸ್. ನನ್ನ ಗೋಡೆ ಓದುವವರಿಗೆ ಈ ಹೆಸರು ಕೇಳಿ ಕೇಳಿ ಸಾಕಾಗಿರುತ್ತೆ, ಗೊತ್ತು. ಊಟ ಮುಗಿಸಿ, ಎಲ್ಲಿಗೆ ಬಂತು ನೋಡೋಣ ಅಂತ ಅವನ ರೂಮಿಗೆ ಹೋದೆ. ಲ್ಯಾಪ್‌ಟಾಪಿನಲ್ಲಿ ಆಟ ನಡೀತಿದೆ. ಪಕ್ಕದಲ್ಲಿ ಸ್ಟೀಲ್ ನೀರಿನ ಬಾಟಲಿಗೆ ಒರಗಿಸಿಟ್ಟ ಮೊಬೈಲು. ಅದರಲ್ಲಿ ಯಾರೋ ಪುಣ್ಯಾತ್ಮ ಅದೇ ಆಟ ಆಡುತ್ತಿದ್ದಾನೆ. ಅವನು ಎಡಕ್ಕೆ ತಿರುಗಿದರೆ ಇವನೂ ಎಡಕ್ಕೆ. ಅವನು ಹಾರಿದರೆ ಇವನೂ ಹಾರಿದ. ಅದೂ ವಿಡಿಯೋ ಒಂದೂವರೆ ಪಟ್ಟು ಸ್ಪೀಡಿನಲ್ಲಿ! ಹಿಂದೆ ಬಿದ್ದರೆ ಬೆರಳಲ್ಲಿ ಮೊಬೈಲ್ ತಟ್ಟಿ ನಿಲ್ಲಿಸುತ್ತಾನೆ, ಉಕ್ತಲೇಖನ ಬರೆಯುವ ಮೂರನೇ ಕ್ಲಾಸಿನ ಹುಡುಗನ ಹಾಗೆ.

"ಮಾಮ, ಸಕ್ಕತ್ತಾಗಿದೆ. ಇವತ್ತೇ ಮುಗಿಸ್ತೀನಿ."

ಮುಗಿಸ್ತಾನಂತೆ.

ಈ ಆಟ ಗೊತ್ತಿಲ್ಲದವರಿಗೆ ನನ್ನ ಸಂಕಟ ಅರ್ಥ ಆಗಲ್ಲ. ಹಾಗಾಗಿ ಕೆಡದಷ್ಟು ಮಾತ್ರ ಹೇಳುತ್ತೇನೆ. ಒಂದು ಪುಟ್ಟ ಸೌರಮಂಡಲ. ನಿಮಗೊಂದು ಲಟಾಸು ನೌಕೆ, ಮರದ ಹಲಗೆ ಬಡಿದು ಮಾಡಿದಂಥದ್ದು. ಇಪ್ಪತ್ತೆರಡು ನಿಮಿಷ ಆದಮೇಲೆ ಸೂರ್ಯ ಸಿಡಿಯುತ್ತಾನೆ, ಎಲ್ಲ ಬೂದಿ. ಮತ್ತೆ ಕಣ್ಣು ಬಿಟ್ಟರೆ ಅದೇ ರಾತ್ರಿ, ಅದೇ ಬೆಂಕಿ. ಕೈಯಲ್ಲಿ ಕತ್ತಿ ಕೋವಿ ಇಲ್ಲ, ಶಕ್ತಿ ಹೆಚ್ಚಿಸಿಕೊಳ್ಳೋದಿಲ್ಲ, ಅಂಗಡಿಯಲ್ಲಿ ಏನೂ ಕೊಳ್ಳೋದಿಲ್ಲ. ಒಂದು ಸುತ್ತಿನಿಂದ ಇನ್ನೊಂದು ಸುತ್ತಿಗೆ ನಿಮ್ಮ ಜೊತೆ ಬರುವುದು ನಿಮಗೆ ಗೊತ್ತಾದ ವಿಷಯ ಮಾತ್ರ. ಗೊತ್ತಿದ್ದರೆ ಶುರುವಿನಲ್ಲೇ ಒಂದೇ ಸುತ್ತಿನಲ್ಲಿ ಆಟ ಮುಗಿಸಬಹುದು. ಬಾಗಿಲಿಗೆ ಬೀಗವೇ ಇಲ್ಲ. ಬಾಗಿಲು ಎಲ್ಲಿದೆ ಅಂತ ಗೊತ್ತಿಲ್ಲ, ಅಷ್ಟೆ.

ಅಲೆಕ್ಸ್ ಬೀಚಮ್ ಅನ್ನುವವನು ಅಮೆರಿಕದ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾದಲ್ಲಿ ಓದುವಾಗ ಮಾಸ್ಟರ್ಸ್ ಪ್ರಾಜೆಕ್ಟ್ ಅಂತ ಶುರು ಮಾಡಿದ್ದು ಇದು. ಪೂರ್ತಿಯಾಗಿ ಹೊರಬಂದಿದ್ದು 2019ರಲ್ಲಿ. ಮರುವರ್ಷ ಬ್ರಿಟನ್ನಿನ ಬಾಫ್ಟಾದಲ್ಲಿ ಬೆಸ್ಟ್ ಗೇಮ್ ಪ್ರಶಸ್ತಿಯೂ ಬಂತು. ಅಷ್ಟು ವರ್ಷ ಕೂತು ಅವರು ಬಚ್ಚಿಟ್ಟಿದ್ದನ್ನೆಲ್ಲ ನನ್ನ ಅಳಿಯ ಒಂದೂವರೆ ಪಟ್ಟು ಸ್ಪೀಡಿನಲ್ಲಿ ಬಯಲು ಮಾಡಿಕೊಂಡ.

ನಾನು ಆಡಿದ್ದು 2020ರ ಲಾಕ್‌ಡೌನಿನಲ್ಲಿ. ನಮ್ಮನೆಯವಳು ನನ್ನ ಗೇಮಿಂಗ್ ಪಿಸಿಗೆ "ಸವತಿ" ಅಂತ ಹೆಸರಿಟ್ಟಿದ್ದು ಅದೇ ಸಮಯ. ಮಗಳ ಡಬಲ್ ರೂಲ್ ನೋಟ್‌ಬುಕ್ ಒಂದನ್ನು ಎತ್ತಿಕೊಂಡು ಬರೆದುಕೊಳ್ಳುತ್ತಾ ಆಡಿದೆ. ಆ ಪುಸ್ತಕ ಇನ್ನೂ ಇದೆ, ಮೊನ್ನೆ ರಾತ್ರಿ ತೆಗೆದು ನೋಡಿದೆ. ಒಂದು ಪುಟದಲ್ಲಿ ಎರಡು ವೃತ್ತ, ನಡುವೆ ಒಂದು ಗೀಟು, ಪಕ್ಕದಲ್ಲಿ "ಮರಳು ಮೇಲಿಂದ ಕೆಳಗೋ? ಹೊತ್ತು ನೋಡು!" ಅಂತ ಬರೆದಿದೆ. ಇನ್ನೊಂದು ಪುಟದಲ್ಲಿ ದೊಡ್ಡ ಅಕ್ಷರದಲ್ಲಿ "ಸದ್ದು ಮಾಡಬೇಡ" ಅಂತಿದೆ. ಅದರ ಕೆಳಗೆ ಮಗಳು ಪೆನ್ಸಿಲ್ಲಿನಲ್ಲಿ ಬರೆದಿದ್ದಾಳೆ: "ಅಪ್ಪಾನೇ ಕೂಗಿದ್ದು."

ಆಟ ಶುರುವಾದಾಗ ನೀವು ಆಕಾಶ ನೋಡುತ್ತಾ ಮಲಗಿರುತ್ತೀರಿ. ಮೇಲೆ ಹಸಿರು ಬಣ್ಣದ ಒಂದು ಗ್ರಹ. ಅದರ ಹತ್ತಿರ ಏನೋ ಸಣ್ಣಗೆ ಸಿಡಿದು ಚೂರಾಗುತ್ತೆ. ನಾನು ಅದನ್ನು ಸುಮ್ನೆ ಅಲಂಕಾರ ಅಂದುಕೊಂಡಿದ್ದೆ. ಪ್ರತಿ ಸಲ ಕಣ್ಣು ಬಿಟ್ಟಾಗಲೂ ನೋಡಿದೆ, ಪ್ರತಿ ಸಲವೂ ಬಿಟ್ಟೆ. ಎಷ್ಟೋ ದಿನ ಆದಮೇಲೆ, ಆಟದಲ್ಲೇ ಬೇರೆ ಎಲ್ಲೋ ಒಂದು ಗೋಡೆ ಮೇಲಿನ ಬರಹ ಓದುವಾಗ, ಅದು ಯಾಕೆ ಸಿಡಿಯುತ್ತೆ ಅಂತ ತಟ್ಟನೆ ಹೊಳೆಯಿತು. ಮೈ ಜುಂ ಅಂತು. ರಾತ್ರಿ ಎರಡೂವರೆ. ಎಬ್ಬಿಸಿ ಹೇಳೋಣ ಅಂದರೆ ಮನೆಯಲ್ಲಿ ಯಾರಿಗೂ ಇದರ ತಲೆಬುಡ ಗೊತ್ತಿಲ್ಲ. ಬಾಲ್ಕನಿಗೆ ಹೋಗಿ ನಿಂತೆ. ಸುಮ್ನೆ ನಿಂತೆ.

ಅಳಿಯನನ್ನು ಕೇಳಿದೆ, "ಆ ಹಸಿರು ಗ್ರಹದ ಹತ್ರ ಸಿಡಿಯುತ್ತಲ್ಲ, ಅದೇನು ಗೊತ್ತಾಯ್ತಾ?"

"ಹೂಂ ಮಾಮ, ಮೊದಲನೇ ವಿಡಿಯೋದಲ್ಲೇ ಹೇಳಿದಾನೆ."

ಮೊದಲನೇ ವಿಡಿಯೋದಲ್ಲೇ. ಅವನಿಗೆ ಒಳ್ಳೇದಾಗಲಿ. ಲೈಕ್ ಒತ್ತಿ, ಶೇರ್ ಮಾಡಿ, ಬೆಲ್ ಬಾರಿಸಿ.

ಜಗಳ ಕೇಳಿ ಅಕ್ಕ ಚುರುಮುರಿ ತಟ್ಟೆ ಹಿಡಿದು ಬಂದಳು. "ಒಂದು ಆಟಕ್ಕೆ ಇಷ್ಟು ರಂಪಾನಾ? ಎಸ್ಸೆಸ್ಸೆಲ್ಸಿ ಗೈಡ್ ಓದಿ ಪಾಸಾದೋನು ನೀನು. ಈಗ ನನ್ನ ಮಗಂಗೆ ಉಪದೇಶ!" ಅಕ್ಕಂದಿರ ಹತ್ತಿರ ವಾದ ಮಾಡಬಾರದು, ಅವರ ಬಳಿ ದಾಖಲೆ ಇರುತ್ತೆ.

ಕಾಮೆಂಟಿನಲ್ಲಿ ನೀವು ಏನು ಬರೆಯುತ್ತೀರಿ ಅಂತಲೂ ಗೊತ್ತು. "ಅವರವರ ಆಟ ಅವರವರ ಇಷ್ಟ." "ಎಲ್ಲರಿಗೂ ನಿನ್ನಷ್ಟು ಪುರುಸೊತ್ತು ಇರಲ್ಲ." ಪುರುಸೊತ್ತಿನ ಮಾತು ಅರ್ಧ ಒಪ್ಪುತ್ತೇನೆ. ಎರಡು ಮಕ್ಕಳು, ಟ್ರಾಫಿಕ್ಕು, ಇಎಂಐ ಎಲ್ಲ ಮುಗಿಸಿ ರಾತ್ರಿ ಅರ್ಧ ಗಂಟೆ ಆಡುವವನು ಆಟದ ಯಾವುದೋ ಬಾಸ್, ಅಂದರೆ ದೊಡ್ಡ ವೈರಿಯ ಹತ್ತಿರ ನಲವತ್ತು ಸಲ ಸಾಯಬೇಕು ಅಂತ ನಾನು ಹೇಳಲ್ಲ. ವಿಡಿಯೋ ನೋಡಿಕೊಳ್ಳಲಿ, ಈಸಿ ಮೋಡ್ ಹಾಕಿಕೊಳ್ಳಲಿ. ಆ ಥರದ ಆಟದಲ್ಲಿ ಉತ್ತರ ಗೊತ್ತಾದಮೇಲೂ ಕೈ ಕೆಲಸ ಬಾಕಿ ಇರುತ್ತೆ. ಮಾರಿಯೋ ನೋಡಿ. 1985ರ ಆಟ. ನಮಗೆ ಅದು ಬರೀ "ಟಿವಿ ಗೇಮ್", ಹಳದಿ ಕ್ಯಾಸೆಟ್ಟಿನ ಮೇಲೆ ಲೆಕ್ಕವಿಲ್ಲದಷ್ಟು ಒಂಬತ್ತು ಬರೆದು ಕೊನೆಗೆ "ಇನ್ ವನ್" ಅಂತ ಇರುತ್ತಿತ್ತಲ್ಲ, ಅದೇ. ಮೊದಲ ಅಣಬೆ ಎಲ್ಲಿಂದ ಬರುತ್ತೆ, ಪೈಪಿಗೆ ಬಡಿದು ಹೇಗೆ ವಾಪಸ್ ನಮ್ಮ ಕಡೆಗೇ ಬರುತ್ತೆ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳ್ತೀನಿ. ಆದರೂ ಇವತ್ತಿಗೂ ಆಡಬಹುದು. ಕೇರಂ ಹಾಗೆ ಅದು, ಬೆರಳಿನ ಆಟ.

ಔಟರ್ ವೈಲ್ಡ್ಸ್‌ನಲ್ಲಿ ಉತ್ತರವೇ ಆಟ. ಅದನ್ನು ಯಾರೋ ಹೇಳಿಬಿಟ್ಟರೆ ಉಳಿಯುವುದು ಮರದ ನೌಕೆ ಮತ್ತು ಒಂದಷ್ಟು ಪೆಟ್ರೋಲ್ ಖರ್ಚು. ಪುರುಸೊತ್ತಿಲ್ಲದವರು ಆಡಬೇಡಿ ಸ್ವಾಮಿ. ಇಟ್ಟುಕೊಳ್ಳಿ. ಅದೇನು ಹಾಲಲ್ಲ, ಕೆಡಲ್ಲ. ಐದು ವರ್ಷ ಬಿಟ್ಟು ಆಡಿದರೂ ಹೊಸದಾಗೇ ಇರುತ್ತೆ, ನೀವು ಕೆಡಿಸಿಕೊಳ್ಳದಿದ್ದರೆ.

"ಈ ಆಟವನ್ನು ಮತ್ತೆ ಮೊದಲ ಸಲ ಆಡೋ ಹಾಗಿದ್ದರೆ" ಅಂತ ಗೇಮ್ ಆಡುವವರೆಲ್ಲ ಒಂದಲ್ಲ ಒಂದು ಸಲ ನಿಟ್ಟುಸಿರು ಬಿಟ್ಟಿರುತ್ತಾರೆ. ನಾನು ಬರೀ ನಿಟ್ಟುಸಿರು ಬಿಡಲಿಲ್ಲ, ಪ್ರಯತ್ನವನ್ನೇ ಮಾಡಿದೆ. ನಾಲ್ಕು ವರ್ಷ ಮುಟ್ಟಲಿಲ್ಲ. ಅದರ ಬಗ್ಗೆ ಏನೂ ಓದಲಿಲ್ಲ. ಆಂಡ್ರ್ಯೂ ಪ್ರಾಹ್ಲೋ ಮಾಡಿದ ಆ ಬ್ಯಾಂಜೋ ಸಂಗೀತ ಕೂಡ ಕೇಳಲಿಲ್ಲ. ಮರೆತಿರಬೇಕು ಅಂತ ಹೋದ ವರ್ಷ ತೆರೆದೆ. ಮೂರೇ ನಿಮಿಷ. ಕೈ ತಾನಾಗಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಹೋಯಿತು. ಭಾವಮೈದನ ಮಗಳ ಹೆಸರು ಮರೆಯುತ್ತೆ, ಗ್ಯಾಸ್ ಬುಕ್ ಮಾಡೋದು ಮರೆಯುತ್ತೆ, ಬೈಕಿನ ಕೀ ಎಲ್ಲಿಟ್ಟೆ ಅಂತ ದಿನಾ ಹುಡುಕುತ್ತೇನೆ. ಇದೊಂದು ಮರೆಯಲ್ಲ. ಬೇಡದ ಕಡೆ ಎಂಥ ಜ್ಞಾಪಕಶಕ್ತಿ!

ಹಾಗಾಗಿ ಇನ್ನೊಂದೇ ದಾರಿ ಉಳಿದಿತ್ತು. ಮೊದಲ ಸಲ ಆಡುವವರ ಪಕ್ಕದಲ್ಲಿ ಕೂರುವುದು. ಬಾಯಿ ಮುಚ್ಚಿಕೊಂಡು. ಅವರು ತಪ್ಪು ದಾರಿ ಹಿಡಿದಾಗ ತೊಡೆ ಗಿಲ್ಲಿಕೊಂಡು. ಅವರಿಗೆ ಹೊಳೆಯುವ ಆ ಒಂದು ಗಳಿಗೆಯಲ್ಲಿ ಅವರ ಮುಖ ನೋಡುವುದು.

ನಿಜ ಹೇಳ್ತೀನಿ, ಅದಕ್ಕೇ ಕೊಡಿಸಿದ್ದು ಅವನಿಗೆ. ಹುಟ್ಟುಹಬ್ಬ ಬರೀ ನೆಪ. ಅವನ ಮೊದಲ ಸಲದಲ್ಲಿ ನನಗೂ ಒಂದು ಪಾಲು ಬೇಕಿತ್ತು. ಮಗಳಿಗೆ ಇದರಲ್ಲಿ ಆಸಕ್ತಿ ಇಲ್ಲ, ಇದ್ದವನು ಇವನೊಬ್ಬ. ಅಕ್ಕ ಕೇಳಿದ್ದು ಸರಿ, ಇಷ್ಟು ಸಿಟ್ಟು ಆಟದ ಮೇಲಿನ ಪ್ರೀತಿಯಿಂದ ಬಂದಿದ್ದಲ್ಲ. ನನ್ನ ಪಾಲು ಹೋಯಿತಲ್ಲ ಅಂತ ಬಂದಿದ್ದು.

ಇಷ್ಟು ಒಪ್ಪಿಕೊಂಡಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನನ್ನ ತಮ್ಮ ಕಾಮೆಂಟಿನಲ್ಲಿ ಬಂದು ಹೇಳುತ್ತಾನೆ.

1997. ತಿಪಟೂರಿನ ಕಂಪ್ಯೂಟರ್ ಕ್ಲಾಸು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಡಾಸ್, ವರ್ಡ್‌ಸ್ಟಾರ್, ಲೋಟಸ್. ಸರ್ ಟೀ ಕುಡಿಯೋಕೆ ಹೋದರೆ ಪ್ರಿನ್ಸ್ ಆಫ್ ಪರ್ಷಿಯಾ. ಆಟದಲ್ಲಿ ರಾಜಕುಮಾರಿಯನ್ನು ಬಿಡಿಸೋಕೆ ಒಂದು ಗಂಟೆ ಗಡುವು, ನಮ್ಮ ಪ್ರಾಕ್ಟಿಕಲ್ಲಿಗೂ ಒಂದೇ ಗಂಟೆ. "ಪ್ರಿನ್ಸ್ ಮೆಗಾಹಿಟ್" ಅಂತ ಟೈಪ್ ಮಾಡಿ ಶುರು ಮಾಡಿದರೆ ಲೆವೆಲ್ ಹಾರಿಸಬಹುದಿತ್ತು, ಹಾರಿಸಿದ್ದೇವೆ. ಮೋಸವೇ, ಇಲ್ಲ ಅನ್ನಲ್ಲ. ಆದರೆ ಹನ್ನೆರಡನೇ ಲೆವೆಲ್ಲಿನಲ್ಲಿ ಆ ನೆರಳು ಮನುಷ್ಯ ಎದುರು ನಿಲ್ಲುತ್ತಾನಲ್ಲ, ಅಲ್ಲಿ ಯಾವ ಮೆಗಾಹಿಟ್ಟೂ ನಮ್ಮ ಕೈ ಹಿಡಿಯಲಿಲ್ಲ. ಅವನಿಗೆ ಹೊಡೆದರೆ ನಮ್ಮದೇ ಜೀವ ಕಡಿಮೆ ಆಗುತ್ತೆ. ಅವನು ಸತ್ತರೆ ನಾವೂ ಸಾಯುತ್ತೇವೆ. ನಾನು, ತಮ್ಮ ಇಬ್ಬರೂ ವಾರಗಟ್ಟಲೆ ಅಲ್ಲೇ ಸಿಕ್ಕಿಕೊಂಡಿದ್ದೆವು.

ಒಂದು ದಿನ ನನ್ನ ಬೆರಳು ಜಾರಿ ಕೆಳಗಿನ ಬಾಣದ ಕೀ ಒತ್ತಿಹೋಯಿತು. ನನ್ನ ರಾಜಕುಮಾರ ಕತ್ತಿ ಒಳಗಿಟ್ಟ. ನೆರಳೂ ಕತ್ತಿ ಒಳಗಿಟ್ಟಿತು. ಹತ್ತಿರ ಹೋದೆ. ಇಬ್ಬರೂ ಒಂದಾಗಿಬಿಟ್ಟರು. ನಾನು ಎಷ್ಟು ಜೋರಾಗಿ ಕಿರುಚಿದೆ ಅಂದರೆ ಸರ್ ಟೀ ಲೋಟ ಹಿಡಿದೇ ಓಡಿ ಬಂದರು.

ಈ ನೆರಳಿನ ಕಥೆ ಆಮೇಲೆ ಎಲ್ಲೋ ಓದಿದೆ. ಆಟ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಹಾರಿಸಿ, ವಿಡಿಯೋ ತೆಗೆದು, ಅದನ್ನು ನೋಡಿ ರಾಜಕುಮಾರನ ಓಟ ಬರೆದನಂತೆ. ಆ ಕಾಲದ ಆಪಲ್ ಟೂ ಕಂಪ್ಯೂಟರಿನಲ್ಲಿ ಇನ್ನೊಬ್ಬ ವೈರಿಯನ್ನು ಬರೆಯುವಷ್ಟು ಮೆಮೊರಿ ಉಳಿದಿರಲಿಲ್ಲ. ಅದಕ್ಕೇ ರಾಜಕುಮಾರನ ಚಿತ್ರಗಳನ್ನೇ ಬಳಸಿ ನೆರಳು ಮಾಡಿದ. 1989ರಲ್ಲಿ ಜಾಗ ಸಾಲದೆ ಹುಟ್ಟಿದ ಪಾತ್ರ ಅದು. ತಿಪಟೂರಿನಲ್ಲಿ ನಮ್ಮಿಬ್ಬರ ನಿದ್ದೆ ಕೆಡಿಸಿತ್ತು.

ಮೆಕ್ನರ್ ತಮ್ಮನನ್ನು ಆಟದೊಳಗೆ ಸೇರಿಸಿದ. ನಾನು ನನ್ನ ತಮ್ಮನಿಗೆ ಏನು ಮಾಡಿದೆ ಗೊತ್ತಾ? ಅವತ್ತು ಸಂಜೆ ಸೈಕಲ್ ತಳ್ಳಿಕೊಂಡು ಬರುವಾಗ ದಾರಿಯಲ್ಲೇ ಬಾಯಿಬಿಟ್ಟೆ. "ಕತ್ತಿ ಒಳಗಿಡೋ, ಅಷ್ಟೇ ಕಣೋ." ತಡೆಯೋಕೆ ಆಗಲಿಲ್ಲ. ನಾನೇ ಕಂಡುಹಿಡಿದೆ ಅಂತ ಮೆರೆಯಬೇಕಿತ್ತು. ಮರುದಿನ ಅವನು ಹೋಗಿ ಕತ್ತಿ ಒಳಗಿಟ್ಟ. ನೆರಳು ಬಂದು ಸೇರಿಕೊಂಡಿತು. "ಹೂಂ, ಸರಿ" ಅಂದ. ಎದ್ದು ಹೋಗಿ ಕಿಟಕಿ ಹತ್ತಿರ ನಿಂತ. ಅವನಿಗಾಗ ಹನ್ನೆರಡು ವರ್ಷ. ಈಗಲೂ ಮನೆಯಲ್ಲಿ ಯಾರಾದರೂ ಸಿನಿಮಾ ಕಥೆ ಹೇಳೋಕೆ ಹೊರಟರೆ ನನ್ನ ಕಡೆ ಒಂದು ಸಲ ನೋಡುತ್ತಾನೆ.

ಮೊಬೈಲಿನಲ್ಲಿದ್ದ ಆ ಪುಣ್ಯಾತ್ಮನಿಗೂ ನನಗೂ ವ್ಯತ್ಯಾಸ ಇಷ್ಟೇ, ಅವನಿಗೆ ದುಡ್ಡು ಬರುತ್ತೆ.

ಹೊರಡುವ ಮೊದಲು ಅಳಿಯನ ಲ್ಯಾಪ್‌ಟಾಪಿಗೆ ಇನ್ನೊಂದು ಗೇಮ್ ಹಾಕಿಕೊಟ್ಟು ಬಂದೆ. ರಿಟರ್ನ್ ಆಫ್ ದಿ ಓಬ್ರಾ ಡಿನ್. ಲ್ಯೂಕಸ್ ಪೋಪ್ ಹೆಚ್ಚುಕಮ್ಮಿ ಒಬ್ಬನೇ ಕೂತು ಮಾಡಿದ್ದು, 2018ರಲ್ಲಿ ಬಂತು. 1807ನೇ ಇಸವಿ. ಕಾಣೆಯಾಗಿದ್ದ ಹಡಗೊಂದು ಜನರೇ ಇಲ್ಲದೆ ಇಂಗ್ಲೆಂಡಿನ ಫಾಲ್ಮತ್ ಬಂದರಿಗೆ ಬಂದು ನಿಂತಿದೆ. ನೀವು ಈಸ್ಟ್ ಇಂಡಿಯಾ ಕಂಪನಿಯ ವಿಮೆ ಲೆಕ್ಕದವನು. ಅರವತ್ತು ಜನ. ಯಾರು ಯಾರು, ಯಾರಿಗೆ ಏನಾಯಿತು ಅಂತ ಪುಸ್ತಕದಲ್ಲಿ ತುಂಬಬೇಕು. ಚಿತ್ರವೆಲ್ಲ ಬರೀ ಎರಡು ಬಣ್ಣದ ಚುಕ್ಕಿಗಳಲ್ಲಿ. ಮೂರು ಜನರದ್ದು ಸರಿಯಾಗಿ ಬರೆದರೆ ಮಾತ್ರ "ಸರಿ" ಅಂತ ಖಾತ್ರಿ ಮಾಡುತ್ತೆ, ಒಬ್ಬೊಬ್ಬರದ್ದೇ ಊಹೆ ಹೊಡೆದು ಪಾರಾಗೋಕೆ ಬಿಡಲ್ಲ. ಹೆಸರು ಕಂಡುಹಿಡಿಯೋಕೆ ಒಂದು ಸೊಗಸಾದ ಸುಳಿವು ಕಣ್ಣೆದುರಿಗೇ ಇದೆ. ಬಾಯಿ ತುದಿಗೆ ಬಂದಿದೆ. ಹೇಳಲ್ಲ.

ಷರತ್ತು ಒಂದೇ. ಆಡುವಾಗ ಮೊಬೈಲು ಅಡುಗೆಮನೆಯಲ್ಲಿ, ಅಕ್ಕನ ಅಕ್ಕಿ ಡಬ್ಬದ ಮೇಲೆ. ಅಕ್ಕ ನನ್ನ ಪರವಾಗಿ ನಿಂತಳು. ಹುಡುಗನ ಕೈಯಿಂದ ಮೊಬೈಲ್ ತೆಗೆಸೋಕೆ ಯಾರು ಯಾವ ಕಾರಣ ಕೊಟ್ಟರೂ ಅವಳು ನಂಬುತ್ತಾಳೆ.

ನಿನ್ನೆ ರಾತ್ರಿ ಹನ್ನೊಂದೂ ಮುಕ್ಕಾಲಿಗೆ ಅಕ್ಕನ ನಂಬರಿಂದ ವಾಟ್ಸಾಪ್ ಬಂತು. ಆ ಹೊತ್ತಲ್ಲಿ ಅಕ್ಕ ಮೆಸೇಜ್ ಮಾಡುವವಳಲ್ಲ, ಎದೆ ಧಸಕ್ ಅಂತು. ತೆರೆದರೆ, "ಮಾಮ ನಾನು. ಮೂರು ಜನ ಸರಿ ಬಂತು!!! ನಾನೇ ಕಂಡ್ಹಿಡಿದೆ. ಅಮ್ಮಂಗೆ ಹೇಳ್ದೆ, ಅವಳು ಮಲ್ಕೋ ಅಂದ್ಳು."

ಹಿಂದೆಯೇ ಇನ್ನೊಂದು: "ನಾಲ್ಕನೇದು ಸ್ವಲ್ಪ ಹಿಂಟ್ ಕೊಡಿ ಮಾಮ, ಪ್ಲೀಸ್."

ನಾಲ್ಕು ಸಾಲು ಟೈಪ್ ಮಾಡಿದೆ. ಅಳಿಸಿದೆ. ಮತ್ತೆ ಎರಡು ಸಾಲು ಟೈಪ್ ಮಾಡಿದೆ. ಅದನ್ನೂ ಅಳಿಸಿದೆ. ನಾನು ಟೈಪ್ ಮಾಡ್ತಿರೋದು ಅವನಿಗೂ ಕಾಣಿಸುತ್ತಿತ್ತು ಅನ್ನಿಸುತ್ತೆ, ಒಂದು ಪ್ರಶ್ನಾರ್ಥಕ ಚಿಹ್ನೆ ಕಳಿಸಿದ. ಬ್ಲೂ ಟಿಕ್ ಬಿದ್ದಿದೆ. ಇವತ್ತು ಬೆಳಿಗ್ಗೆಯಿಂದ ಅಕ್ಕನ ಫೋನ್ ಬಂದರೂ ಎತ್ತುತ್ತಿಲ್ಲ.